ಹುಚ್ಚಮ್ಮನ ಬಾಯಿ

ಹುಚ್ಚಮ್ಮ ಎಂಬ ಮುದುಕಿ ಬೀಗದ ಕೈ ಕೊಡುವುದಕ್ಕೆ ಮುಂಚೆ ಎದುರಿಗಿರುವವನನ್ನು ಒಂದು ಸಲ ಬಯ್ಯಬೇಕೋ ಮೂರು ಸಲ ಬಯ್ಯಬೇಕೋ ಎಂಬ ಅತಿ ಗಂಭೀರವಾದ ವಿಷಯವು ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಚೆನ್ನೈನ ಪೆರುಂಗುಡಿಯ ಗಾಜಿನ ಕಟ್ಟಡವೊಂದರ ಐದನೆಯ ಮಹಡಿಯಲ್ಲಿ ಹದಿನಾಲ್ಕು ಜನರ ಸಮ್ಮುಖದಲ್ಲಿ ಚರ್ಚೆಗೆ ಬಂತು. ಪರದೆಯ ಮೇಲೆ, ಜನ ಎಷ್ಟು ಮೆಚ್ಚಿದರೆಂಬ ಗ್ರಾಫ್ ಇತ್ತು. ಮೊದಲ ಬೈಗುಳಕ್ಕೆ ಗೆರೆ ಏರಿತ್ತು, ಎರಡನೆಯದಕ್ಕೆ ಮಟ್ಟಸವಾಗಿ ನಡೆದಿತ್ತು, ಮೂರನೆಯದಕ್ಕೆ ಸ್ವಲ್ಪ ಜಾರಿತ್ತು. ಹಿಂದಿನ ಕಾಲದಲ್ಲಿ ರಾಜ್ಯ ರಾಜ್ಯಗಳ ಗಡಿಯನ್ನು ಇದಕ್ಕಿಂತ ಕಡಿಮೆ ಜನ ಕೂತು ತೀರ್ಮಾನಿಸಿದ್ದುಂಟು. ಅವರ ಮುಂದೆ ಬಿಸ್ಕತ್ತು ಇರಲಿಲ್ಲ, ಅಷ್ಟೆ.

ಈ ಹುಚ್ಚಮ್ಮ ಇರುವುದು ಫೋನಿನಲ್ಲಿ ಆಡುವ ಒಂದು ಆಟದೊಳಗೆ. ಆಟಗಾರ ಒಂದು ಹಳ್ಳಿಗೆ ಬರುತ್ತಾನೆ. ಅಲ್ಲಿನ ಏಳು ಮನೆಗಳ ಬಾಗಿಲು ತೆರೆಯಬೇಕು. ಏಳು ಮನೆಯ ಬೀಗದ ಕೈಗಳನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯ ಮೇಲೆ ಕೂತವಳು ಹುಚ್ಚಮ್ಮ. ಬೈಸಿಕೊಳ್ಳದೆ ಯಾರಿಗೂ ಬೀಗದ ಕೈ ಸಿಕ್ಕಿದ್ದಿಲ್ಲ. ತಮಿಳು, ತೆಲುಗು, ಮಲಯಾಳಂ, ಕನ್ನಡ ನಾಲ್ಕರಲ್ಲೂ ಅವಳ ಬಾಯಿ ಚೆನ್ನಾಗಿ ಓಡುತ್ತದೆ.

ಕನ್ನಡದ ಬಾಯಿ ಪಾವನಾಳದು. ಮಳವಳ್ಳಿಯ ಕಡೆಯವಳು, ಮೂವತ್ತಮೂರು ವರ್ಷ. ಎರಡು ವರ್ಷದಿಂದ ಹುಚ್ಚಮ್ಮನ ಪ್ರತಿಯೊಂದು ಮಾತನ್ನೂ ಬರೆಯುತ್ತಿದ್ದಳು. ಬರೆಯುವುದಕ್ಕೆ ಅವಳಿಗೆ ತನ್ನದೇ ಒಂದು ಪದ್ಧತಿ ಇತ್ತು. ಶನಿವಾರ ಬೆಳಿಗ್ಗೆ ತಾಯಿ ಕರಿಯಮ್ಮನನ್ನು ಬೀದಿಯ ತರಕಾರಿ ಗಾಡಿಗೆ ಕರೆದುಕೊಂಡು ಹೋಗುವುದು, ತಾನು ಎರಡು ಹೆಜ್ಜೆ ಹಿಂದೆ ನಿಲ್ಲುವುದು. ಕರಿಯಮ್ಮನಿಗೆ ತಮಿಳು ಬಾರದು, ಗಾಡಿಯವನಿಗೆ ಕನ್ನಡ ಬಾರದು, ಜಗಳಕ್ಕೆ ಅದರಿಂದ ಒಂದು ದಿನವೂ ತೊಂದರೆಯಾಗಿರಲಿಲ್ಲ.

"ಈ ಬದ್ನೇಕಾಯ ನಿಮ್ಮಪ್ಪ ಹುಟ್ಟಿದ್ ವರ್ಸ ಕುಯ್ದಿದ್ದೇನ್ಲಾ?"

"ವೇಣುಂನಾ ಎಡು ಪಾಟೀ, ಇಲ್ಲನಾ ವಿಡು." ಬೇಕಾದರೆ ತಗೋ ಅಜ್ಜಿ, ಇಲ್ಲದಿದ್ದರೆ ಬಿಡು ಎಂದು ಅವನು.

"ಬುಟ್ಟೇ ಬುಡ್ತೀನಿ ಕನ! ನಿನ್ ಗಾಡಿ ಮುಂದೆ ನಿಂತ್ಕಂಡು ನಾನೂ ಒಣಗಬೇಕಾ?"

ಪಾವನಾ ಫೋನಿನಲ್ಲಿ ಗುರುತು ಹಾಕಿಕೊಳ್ಳುವಳು. ಸೋಮವಾರ ಆಫೀಸಿನ ಕಂಪ್ಯೂಟರಿನಲ್ಲಿ 'ಅವ್ವ' ಎಂಬ ಫೈಲಿಗೆ ಅದನ್ನೆಲ್ಲ ಸೇರಿಸುವಳು. ಆಟಕ್ಕೆ ಬೇಕಾದಾಗ ಅದರಿಂದ ಒಂದು ಎಳೆ ತೆಗೆದು ಹೊಸೆಯುವಳು. ಕರಿಯಮ್ಮನಿಗೂ ಇದು ಗೊತ್ತು. ಕೆಲವು ವಾರ ಅವಳೇ, "ಇವತ್ತು ಎಷ್ಟ್ ಬೇಕವ್ವ? ಕೊಳಾಯಿಯೋನೂ ಬತ್ತನೆ ಮಧ್ಯಾನ" ಎಂದು ವಿಚಾರಿಸಿದ್ದುಂಟು.

ಮಂಗಳವಾರದ ಆ ಸಭೆಯಲ್ಲಿ ಬರಹ ವಿಭಾಗದ ಮುಖ್ಯಸ್ಥ ಅಜಿತ್ ಗ್ರಾಫನ್ನು ಬದಿಗೆ ಸರಿಸಿ ಗಂಟಲು ಸರಿಮಾಡಿಕೊಂಡ. ಅಜಿತ್ ಮಾಧವರಂನಲ್ಲಿ ಹುಟ್ಟಿ ಬೆಳೆದವನು. ತಾತ ತುಮಕೂರಿನಿಂದ ರೈಲ್ವೆ ಕೆಲಸಕ್ಕೆಂದು ಬಂದವರು. ಮೊಮ್ಮಗನ ಕನ್ನಡ ಮದರಾಸಿನ ನೀರು ಕುಡಿದು ಬೆಳೆದಿತ್ತು.

"ಒಂದ್ ಸಲವೋ ಮೂರ್ ಸಲವೋ, ಅದು ಇನ್ಮೇಲೆ ನಮ್ಮ ತಲೆನೋವಲ್ಲ ಪಾ. ಜುಲೈಯಿಂದ ಮಾತೆಲ್ಲ ಯಂತ್ರವೇ ಬರೆಯತ್ತೆ. ಚಿತ್ರವೂ ಅಪ್ಪಡಿ ತಾನ್, ಅದೇ ಬಿಡಿಸತ್ತೆ. ನೀವೆಲ್ಲ ಮೇಲಿಂದ ಮೇಲೆ ನೋಡಿ ಓಕೆ ಮಾಡಿದ್ರೆ ಸಾಕು."

ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ಅದೇ ದಿನ ಸಂಜೆ ಒಂದು ಪತ್ರಕ್ಕೆ ಸಹಿ ಹಾಕಿದರು. ಬರೆಯುವವರು ಏಳು, ಚಿತ್ರ ಬಿಡಿಸುವವರು ನಾಲ್ಕು. ಪತ್ರ ಬರೆದವಳು ಪಾವನಾ. ಈ ಆಟದ ಮಾತನ್ನೂ ಚಿತ್ರವನ್ನೂ ಮನುಷ್ಯರೇ ಮಾಡಬೇಕು, ನಾವು ಮಾಡಿದ್ದನ್ನು ನುಂಗಿ ಕಕ್ಕುವ ಯಂತ್ರದಿಂದ ಮಾಡಿಸಕೂಡದು ಎಂದು ಅದರಲ್ಲಿತ್ತು. 'ನುಂಗಿ ಕಕ್ಕುವ' ಎಂಬಲ್ಲಿ ಸಭ್ಯತೆ ಸಾಲದು ಎಂದು ಇಬ್ಬರು ಆಕ್ಷೇಪಿಸಿದರು. ಅದಕ್ಕಿಂತ ಸಭ್ಯವಾದ ಪದ ಸಿಗದೆ ಹಾಗೆಯೇ ಬಿಟ್ಟರು.

ಕಂಪನಿಯವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಪಾವನಾಳ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಬಹಳ ವಿನಯದಿಂದ ಅವರು ಒಂದು ಪರೀಕ್ಷೆ ಸೂಚಿಸಿದರು. ಮೊದಲು ಕನ್ನಡದಲ್ಲಿ, ಏಕೆಂದರೆ ಕನ್ನಡದಲ್ಲಿ ಆಡುವವರು ಕಡಿಮೆ, ಕೆಟ್ಟರೂ ಹೆಚ್ಚು ಕೆಡುವುದಿಲ್ಲ. ಹುಚ್ಚಮ್ಮನ ಒಂದೇ ಸನ್ನಿವೇಶವನ್ನು ಪಾವನಾ ಹೊಸದಾಗಿ ಬರೆಯಬೇಕು, ಹಳೆಯದನ್ನು ಎತ್ತಿ ಇಡುವ ಹಾಗಿಲ್ಲ. ಅದನ್ನೇ ಯಂತ್ರವೂ ಬರೆಯುತ್ತದೆ. ಎರಡನ್ನೂ ದನಿ ಕೊಡುವವಳೊಬ್ಬಳೇ ಗಟ್ಟಿಯಾಗಿ ಓದುತ್ತಾಳೆ. ಬರುವ ಭಾನುವಾರ ಹದಿಮೂರು ಜನ ಕನ್ನಡಿಗರು ಕೇಳಿ, ಮನುಷ್ಯರು ಬರೆದದ್ದು ಯಾವುದೆಂದು ಗುರುತು ಮಾಡುತ್ತಾರೆ. ಏಳು ಜನ ಸರಿಯಾಗಿ ಹೇಳಿದರೆ ಒಂದು ವರ್ಷ ನಾಲ್ಕು ಭಾಷೆಯಲ್ಲಿ ಎಲ್ಲೂ ಯಂತ್ರ ಮುಟ್ಟುವುದಿಲ್ಲ. ಇಲ್ಲದಿದ್ದರೆ ಜುಲೈ ಒಂದರಿಂದ ನಾಲ್ಕರಲ್ಲೂ ಅದೇ.

ಹೀಗೆ ಹನ್ನೊಂದು ಜನರ ಕೆಲಸ ಹುಚ್ಚಮ್ಮನ ಬಾಯಿಗೆ ಬಂದು ನಿಂತಿತು. ಹುಚ್ಚಮ್ಮನ ಬಾಯಿ ಪಾವನಾಳ ಕೈಯಲ್ಲಿತ್ತು.

ಕೇಳುಗರನ್ನು ಒದಗಿಸುವ ಭಾರ ಮಾಧವರಂ ಕನ್ನಡ ಕೂಟದ್ದು. ಅದರ ಅಧ್ಯಕ್ಷರು ಹನುಮಂತಯ್ಯ, ಅಜಿತನ ದೊಡ್ಡಪ್ಪ. ಮೂವತ್ತೈದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಗುರುವಾರ ಪಾವನಾ ಅವರ ಮನೆಗೆ ಹೋದಾಗ ಅವರು ಮಜ್ಜಿಗೆ ಕೊಟ್ಟು ಧೈರ್ಯ ಹೇಳಿದರು.

"ಹೆದರಬೇಡಮ್ಮಾ. ಟಿಕೆಟ್ ಇಲ್ದವನು ಬೋಗಿ ಹತ್ತಿದ್ರೆ ಅವನ ಕಾಲು ನೋಡಿ ಹೇಳ್ತಿದ್ದೆ ನಾನು. ಯಂತ್ರ ಯಾವ ಮೂಲೆಗೆ? ಬಾಯಿ ತೆಗೆದ ಕೂಡಲೇ ಹಿಡೀತೀನಿ."

"ಬೇರೆಯವರೂ ಹಿಡೀತಾರಾ ಸಾರ್?"

ಹನುಮಂತಯ್ಯನವರು ಮಜ್ಜಿಗೆಯ ಲೋಟವನ್ನು ಒಮ್ಮೆ ತಿರುಗಿಸಿದರು. "ನಮ್ಮ ಹುಡುಗರು ಕನ್ನಡ ಕೇಳ್ತಾವೆ, ಆದ್ರೆ ತಿರುಗಿ ತಮಿಳಲ್ಲೇ ಹೇಳ್ತಾವೆ. ಮನೆ ಮಾತು, ಅಷ್ಟೇ ಗೊತ್ತು. ನೀನು ಸ್ವಲ್ಪ ಶುದ್ಧವಾಗಿ ಬರಿಯಮ್ಮಾ. ಒಳ್ಳೆ ಕನ್ನಡ ಅಂದ್ರೆ ಅವರಿಗೂ ಒಂದು ಮರ್ಯಾದೆ ಬರುತ್ತೆ."

ಆ 'ಶುದ್ಧ' ಎಂಬುದು ಪಾವನಾಳ ಜೊತೆ ಬಸ್ಸು ಹತ್ತಿತು. ಮಾಧವರಂನಿಂದ ಪೆರುಂಗುಡಿ ಎಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಆ ದಾರಿಯಲ್ಲಿ ಯಾವ ಸಣ್ಣ ಸಂಶಯವೂ ಕೂತು ಬೆಳೆಯುವಷ್ಟು ಸಮಯವಿದೆ. ಮನೆ ತಲಪುವ ಹೊತ್ತಿಗೆ ಅದು ಎದೆಯೆತ್ತರ ಬೆಳೆದಿತ್ತು.

ಶುಕ್ರವಾರ ಊಟದ ಹೊತ್ತಿನಲ್ಲಿ ಸುಮತಿ ಬಂದು ಎದುರು ಕೂತಳು. ಆಟದ ತಮಿಳು ಮಾತು ಬರೆಯುವವಳು ಅವಳು. ಮನೆಯಲ್ಲಿ ಹಳೆಯ ಕೋಲಾರದ ಕನ್ನಡ, ಉಳಿದ ಕಡೆ ತಮಿಳು. ಡಬ್ಬಿ ತೆರೆದಳು, ತಿನ್ನಲಿಲ್ಲ.

"ಬರೆದ್ಯಾ?"

"ಬರೆದೆ."

"ಓದು ನೋಡೋಣ."

ಪಾವನಾ ಸುತ್ತ ನೋಡಿ ಮೆಲ್ಲನೆ ಓದಿದಳು. "ಬಂದ್ಯಾ? ಬಾ. ನಿನ್ ಕಾಲ್ಸದ್ದು ಕೇಳಿ ನಮ್ ನಾಯಿಗೂ ಜ್ವರ ಬಂತು ಕನ."

ಸುಮತಿ ನಕ್ಕಳು. ನಗು ನಿಂತ ಮೇಲೆ ಅವಳ ಮುಖ ಸಣ್ಣದಾಯಿತು. "ನನಗೆ ಪುರಿಯತ್ತೆ ಡೀ, ಅರ್ಥ ಆಗತ್ತೆ, ಚೆನ್ನಾಗೇ ಇದೆ. ಆದ್ರೆ ಅವರಿಗೆ? ಆ ಮಾಧವರಂ ಆಂಟಿಗಳಿಗೆ 'ಕಾಲ್ಸದ್ದು' ಅಂದ್ರೆ ಏನು ಪುರಿಯಬೇಕು? ಪುರಿಯದೆ ಇದ್ರೆ ಯಂತ್ರ ಏನೋ ಉಳರಿದೆ, ಬಡಬಡಿಸಿದೆ ಅಂತ ಗುರುತು ಹಾಕಿಬಿಟ್ರೆ?"

"ಹಾಕ್ತಾರಾ?"

"ನನಗೇನು ಗೊತ್ತು? ನಿನ್ನೊಬ್ಬಳ ಕೆಲಸ ಆಗಿದ್ರೆ ಬಾಯಿ ಮುಚ್ಚಿಕೊಂಡಿರ್ತಿದ್ದೆ. ಹನ್ನೊಂದು ಜನ ಡೀ."

ಅಂದು ಸಂಜೆ ಅಜಿತ್ ಕೂಡ ಪಾವನಾಳ ಮೇಜಿನ ಹತ್ತಿರ ಬಂದು ನಿಂತ. ಅವನ ಮುಖದಲ್ಲಿ ನಿಜವಾದ ಕರುಣೆಯೇ ಇತ್ತು. "ಟೆನ್ಷನ್ ಮಾಡ್ಕೋಬೇಡಿ ಪಾವನಾ. ಚುಮ್ಮಾ, ಸುಮ್ನೆ ಒಂದ್ ಟೆಸ್ಟ್ ತಾನೆ? ಸಿಂಪಲ್ಲಾಗಿ ಬರೆದ್ಬಿಡಿ. ನಮ್ಮ ಜನಕ್ಕೆ ಸಿಂಪಲ್ಲಾಗಿದ್ರೆ ಸಾಕು." ಹೇಳಿ ಹೋದ. ಯಂತ್ರ ಏನು ಬರೆದಿದೆ ಎಂದು ಅವನು ಹೇಳಲಿಲ್ಲ. ಯಂತ್ರಕ್ಕೆ ಏನು ಓದಿಸಿದ್ದೀರಿ ಎಂದು ಇವಳೂ ಕೇಳಲಿಲ್ಲ. ಆ ದಿನ ಅವಳು ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು. ತಲೆಯಲ್ಲಿ ಬೇರೆ ಮೂವತ್ತು ಪ್ರಶ್ನೆಗಳು ಕ್ಯೂ ನಿಂತಿದ್ದವು.

ಶನಿವಾರ ಅವಳು ತರಕಾರಿ ಗಾಡಿಗೆ ಹೋಗಲಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ತಿದ್ದಿದಳು. ಹೊರಗೆ ನೀರಿನ ಲಾರಿ ಬಂದು ಹಾರನ್ ಹೊಡೆಯಿತು, ಹೋಯಿತು. ಫ್ಯಾನಿನ ಗಾಳಿ ಹಬೆಯಂತೆ ಬೆನ್ನ ಮೇಲೆ ಬೀಳುತ್ತಿತ್ತು. ಎದೆಯುರಿಯ ಎರಡು ಮಾತ್ರೆ ಚಪ್ಪರಿಸಿ ಮುಗಿಸಿದಳು.

ಮೊದಲು ಜ್ವರ ಹೋಯಿತು. ನಾಯಿಗೆ ಜ್ವರ ಬರುವುದನ್ನು ಯಾರಾದರೂ ನಿಜವೆಂದು ತಿಳಿದರೆ? "ನಿನ್ನ ಹೆಜ್ಜೆಯ ಸದ್ದು ಕೇಳಿ ನಮ್ಮ ನಾಯಿಯೂ ಹೆದರಿತು" ಎಂದಾಯಿತು. ಅರ್ಧ ಗಂಟೆಯ ಮೇಲೆ ನಾಯಿಯೂ ಅಪಾಯವೆನಿಸಿತು. ಮನುಷ್ಯನನ್ನು ನಾಯಿಗೆ ಹೋಲಿಸಿದರೆಂದು ಯಾರಿಗಾದರೂ ಬೇಸರವಾದರೆ? ನಾಯಿಯನ್ನು ಕಳಿಸಿದಳು. ನಾಯಿ ಹೋದ ಮೇಲೆ ಹೆದರುವುದಕ್ಕೆ ಯಾರೂ ಉಳಿಯಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಹುಚ್ಚಮ್ಮ, ಎಪ್ಪತ್ತು ವರ್ಷ ಜಗಲಿಯ ಮೇಲೆ ಕೂತು ಊರನ್ನೇ ನಡುಗಿಸಿದ ಹುಚ್ಚಮ್ಮ, ಹೀಗೆಂದಳು: "ಬಾ ಮಗು. ಪ್ರಯಾಣ ಸುಖವಾಗಿತ್ತೆ? ನಿನ್ನನ್ನು ಕಂಡು ಸಂತೋಷವಾಯಿತು. ಆದರೆ ಬೀಗದ ಕೈಯನ್ನು ಅಷ್ಟು ಸುಲಭವಾಗಿ ಕೊಡಲಾರೆ."

ಪಾವನಾ ಅದನ್ನು ಗಟ್ಟಿಯಾಗಿ ಓದಿ ನೋಡಿದಳು. ಒಂದು ಪದವೂ ತೊಡರಲಿಲ್ಲ. ಮಾಧವರಂನಲ್ಲೇ ಏಕೆ, ಮಂಗಳ ಗ್ರಹದಲ್ಲಿಯೂ ಇದು ಅರ್ಥವಾಗದವರು ಇರಲಾರರು.

ಅಡುಗೆ ಮನೆಯಿಂದ ಕರಿಯಮ್ಮ ಸೌಟು ಹಿಡಿದು ಬಂದಳು. "ಯಾರವ್ವ ಇವ್ಳು? ಆಸ್ಪತ್ರೇಲಿ ಟೋಕನ್ ಕೊಡೋವ್ಳಾ?"

"ಹುಚ್ಚಮ್ಮ ಕಣವ್ವ."

"ಇವ್ಳಾ? ಏನ್ ಬಂದದೆ ಇವ್ಳಿಗೆ? ಮೈ ಉಸಾರಿಲ್ವಾ?"

"ಅವ್ವ, ನಾಳೆ ಕೇಳೋರಿಗೆ ನಿನ್ನ ಮಾತು ತಿಳಿಯಲ್ಲ. ತಿಳೀದಿದ್ರೆ ಎಲ್ಲರ ಕೆಲಸ ಹೋಗ್ತದೆ."

"ಗಾಡಿಯೋನ್ಗೆ ತಿಳೀತದಲ್ಲ? ಅವ್ನೇನ್ ಮಳವಳ್ಳೀಲಿ ಹುಟ್ಟವ್ನಾ?"

"ನಿನಗೆ ಗೊತ್ತಾಗಲ್ಲ ಬುಡವ್ವ" ಎಂದು ಪಾವನಾ ಸಿಡುಕಿ, ಹಾಳೆಯನ್ನು ಹಾಗೆಯೇ ಅಜಿತನಿಗೆ ಕಳಿಸಿಬಿಟ್ಟಳು. ಕಳಿಸಿದ ಮೇಲೆ ನಾಲ್ಕು ಸಲ ಓದಿದಳು. ಪ್ರತಿ ಸಲವೂ ಅದರಲ್ಲಿ ತಪ್ಪಿರಲಿಲ್ಲ. ಅದೇ ಅವಳನ್ನು ಕೊರೆಯತೊಡಗಿತು, ಆದರೆ ಯಾಕೆ ಕೊರೆಯುತ್ತಿದೆಯೆಂದು ನಿಂತು ನೋಡುವ ಧೈರ್ಯ ಸಾಲಲಿಲ್ಲ.

ಭಾನುವಾರ ಹತ್ತೂವರೆಗೆ ಮಾಧವರಂನ ಒಂದು ಕಾಲೊನಿಯ ಸಮುದಾಯ ಭವನದಲ್ಲಿ ಸಭೆ. ಹದಿಮೂರು ಜನ ಎರಡು ಸಾಲಿನಲ್ಲಿ ಕೂತಿದ್ದರು: ಬ್ಯಾಂಕಿನವರು, ವಿಮೆಯವರು, ಅವರ ಹೆಂಡತಿಯರು, ಕಾಲೇಜಿಗೆ ಹೋಗುವ ಮಕ್ಕಳು. ಪ್ರತಿಯೊಬ್ಬರ ಕೈಗೂ ಒಂದು ಚೀಟಿ, ಒಂದು ಪೆನ್ನು. ಹನುಮಂತಯ್ಯನವರು ಮುಂದಿನ ಸಾಲಿನ ಮಧ್ಯೆ ತಪಾಸಣೆಯ ಕಣ್ಣು ಮಾಡಿಕೊಂಡು ಕೂತಿದ್ದರು. ಹನ್ನೊಂದು ಜನ ಸಹಿ ಹಾಕಿದವರು ಗೋಡೆಗೆ ಆತು ನಿಂತಿದ್ದರು. ಸುಮತಿ ಪಾವನಾಳ ಮಣಿಕಟ್ಟನ್ನು ಹಿಡಿದಿದ್ದಳು. ಬಳೆ ಚರ್ಮಕ್ಕೆ ಒತ್ತುತ್ತಿತ್ತು, ಇಬ್ಬರಿಗೂ ಅದು ತಿಳಿಯಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಬಂದಿದ್ದ ಕರಿಯಮ್ಮ ಹಿಂದಿನ ಕುರ್ಚಿಯಲ್ಲಿ ಎಲೆಯಡಿಕೆಯ ಚೀಲ ಬಿಚ್ಚಿದಳು.

ಓದಿದವಳು ಮಾಧವಿ, ಆಟದಲ್ಲಿ ಹುಚ್ಚಮ್ಮನಿಗೆ ದನಿ ಕೊಡುವವಳು. ಯಾವುದು ಯಾರದೆಂದು ಅವಳಿಗೂ ಹೇಳಿರಲಿಲ್ಲ. ಮೊದಲು 'ಅ' ಎಂಬ ಹಾಳೆ ತೆಗೆದಳು.

"ಬಾ ಮಗು. ಪ್ರಯಾಣ ಸುಖವಾಗಿತ್ತೆ?"

ತುಂಬ ಚೆನ್ನಾಗಿ ಓದಿದಳು. ಕೇಳುವವರು ಮರ್ಯಾದೆಯಿಂದ ಕೇಳಿದರು, ಬ್ಯಾಂಕಿನಲ್ಲಿ ಹೊಸ ನಿಯಮ ಓದುವಾಗ ಕೇಳುವ ಹಾಗೆ. ಒಬ್ಬ ಹುಡುಗಿ ಫೋನು ನೋಡಿದಳು. ಹನುಮಂತಯ್ಯನವರು ಮಾತ್ರ ತಲೆ ತೂಗುತ್ತಿದ್ದರು. ಪಾವನಾ ಒಂದೊಂದೇ ಮುಖ ನೋಡುತ್ತ ಹೋದಳು, ಹದಿಮೂರು ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದಳು. ಎಲ್ಲರಿಗೂ ಅರ್ಥವಾಗಿತ್ತು. ಯಾರಿಗೂ ಏನೂ ಆಗಿರಲಿಲ್ಲ.

ಮಾಧವಿ 'ಆ' ಹಾಳೆ ತೆಗೆದಳು. ಮೊದಲ ಸಾಲಿಗೇ ಅವಳ ಬೆನ್ನು ನೆಟ್ಟಗಾಯಿತು, ದನಿ ಇಳಿಯಿತು, ಮುಖಕ್ಕೆ ಎಪ್ಪತ್ತು ವರ್ಷ ಬಂತು.

"ಯಾವೋನ್ಲಾ ಅವ್ನು? ಮಕ ನೋಡು, ಅಮಾಸೆ ದಿನ ಬಸ್ ತಪ್ಪುಸ್ಕಂಡೋನಂಗೆ. ನಿನ್ ಕೈ ತಾಕುದ್ರೆ ಕಾವೇರಿನೇ ಬತ್ತೋಯ್ತಳೆ, ಬೀಗ ಯಾವ್ ಮಹಾ?"

ಸಭೆ ಭೋರೆಂದು ನಕ್ಕಿತು. ಅರ್ಧಕ್ಕೆ ಅರ್ಧ ಪದ ತಿಳಿಯದವರೂ ನಕ್ಕರು. ಫೋನು ನೋಡುತ್ತಿದ್ದ ಹುಡುಗಿ, "ಅಯ್ಯೋ, ನಮ್ಮ ಪಾಟಿ ಮಾದಿರಿಯೇ!" ಎಂದು ಅಮ್ಮನ ತೋಳು ಹಿಡಿದಳು. ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹಿಂದಿನ ಕುರ್ಚಿಯಿಂದ ಕರಿಯಮ್ಮ ಎದ್ದು ನಿಂತಳು. "ಅಯ್ ಶಿವನೇ! ಇದು ನಾನ್ ಕೊಳಾಯಿಯೋನ್ಗೆ ಬಯ್ದಿದ್ದು ಕನ! ಪಾವ್ನಾ, ಅವತ್ತು ಬಚ್ಚಲ್ ಮನೇಲಿ!"

ಜನ ಇನ್ನೊಮ್ಮೆ ನಕ್ಕರು. ತನ್ನ ಮನೆಯ ಮಾತು ಕೇಳಿದಷ್ಟು ಹಿತವಾಯಿತೆಂದು ಮುದುಕಿ ಹೇಳುತ್ತಿದ್ದಾಳೆ ಎಂದುಕೊಂಡರು. ನಗದೆ ಉಳಿದವರು ಪಾವನಾ ಮತ್ತು ಗೋಡೆಗೆ ಆತು ನಿಂತವರು. ಕೊಳಾಯಿಯವನು ಬಂದದ್ದು ಕಳೆದ ಅಕ್ಟೋಬರಿನಲ್ಲಿ. ಆ ಮಾತು ಆಟದಲ್ಲಿ ಎಂದೂ ಬಂದಿರಲಿಲ್ಲ. ಅದು ಇದ್ದದ್ದು ಒಂದೇ ಕಡೆ, 'ಅವ್ವ' ಎಂಬ ಫೈಲಿನಲ್ಲಿ.

ಚೀಟಿ ಎಣಿಸಿದರು. ಮನುಷ್ಯರು ಬರೆದದ್ದು 'ಆ' ಎಂದು ಹನ್ನೆರಡು. 'ಅ' ಎಂದು ಒಂದು. ಅದೊಂದು ಹನುಮಂತಯ್ಯನವರದು. ಅವರು ಯಂತ್ರವನ್ನು ಹಿಡಿದ ಹೆಮ್ಮೆಯಿಂದ ಸುತ್ತ ನೋಡುತ್ತಿದ್ದರು. "ಅಷ್ಟು ಒರಟು ಮಾತು ಓದು ಬರಹ ಬಲ್ಲವರು ಬರೀತಾರಾ? ಅದು ಯಂತ್ರವೇ!" ಅವರೊಬ್ಬರೇ ಸರಿಯಾಗಿ ಹೇಳಿದ್ದರು.

ಪಾವನಾ ಅಜಿತನನ್ನು ಬಾಗಿಲ ಬಳಿ ಹಿಡಿದಳು. ಅವಳ ದನಿ ಅವಳಿಗೇ ದೂರದಿಂದ ಕೇಳಿಸುತ್ತಿತ್ತು.

"ನನ್ನ ಫೈಲನ್ನ ಅದಕ್ಕೆ ಓದಿಸಿದ್ರಾ?"

"ಕಂಪನಿ ಕಂಪ್ಯೂಟರ್‌ನಲ್ಲಿರೋದು ಕಂಪನಿದು ತಾನೆ? ಎಲ್ಲರ ಫೈಲೂ ಓದಿಸಿದೀವಿ. ಸುಮತಿದು, ತೆಲುಗಿನವರದು, ಎಲ್ಲ."

"ಅದು ಯಂತ್ರ ಬರೆದದ್ದಲ್ಲ ಅಜಿತ್. ಅದು ನಮ್ಮವ್ವನ ಬಾಯಿ. ಕದ್ದದ್ದು."

"ಇರಬಹುದು." ಅಜಿತ್ ಜಗಳಕ್ಕೆ ನಿಲ್ಲಲಿಲ್ಲ. ನೆಲ ನೋಡಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಆದ್ರೆ ಪಾವನಾ, ನಿಮ್ಮ ಹಾಳೆ ನೋಡಿ ನಾನೇ ಎರಡು ಸಲ ಚೆಕ್ ಮಾಡಿದೆ, ತಪ್ಪಿ ಯಂತ್ರ ಬರೆದದ್ದನ್ನ ಇಲ್ಲಿ ಸೇರಿಸಿಬಿಟ್ನಾ ಅಂತ. ಅಮ್ಮನ ಬಾಯಿ ನಿಮ್ಮ ಮನೇಲೇ ಇತ್ತಲ್ಲ. ನೀವು ಯಾಕೆ ಅದನ್ನ ಬರೀಲಿಲ್ಲ?"

ಸುಮತಿ ಪಕ್ಕದಲ್ಲೇ ಇದ್ದಳು. ಅವಳೂ ನೆಲ ನೋಡಿದಳು.

ಬಾಡಿಗೆ ಕಾರಿನಲ್ಲಿ ವಾಪಸ್ಸು ಬರುವಾಗ ಕರಿಯಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಪ್ಯಾರೀಸ್ ಕಾರ್ನರ್ ಹತ್ತಿರ ಗಾಡಿಗಳು ನಿಂತುಬಿಟ್ಟಿದ್ದವು. ಚಾಲಕ ಎಂಜಿನ್ ಆರಿಸಿದ.

"ಆ ಯಂತ್ರುಕ್ಕೆ ಬಾಯಿ ಇಲ್ಲ ಅಂದಿದ್ಯಲ್ಲವ್ವ ನೀನು?"

"ಇಲ್ಲ ಕಣವ್ವ."

"ಮತ್ತೆ ನನ್ ಮಾತ ಎಲ್ ಕಲ್ತ್ಕತು?"

"ನಾನೇ ಬರೆದು ಇಟ್ಟಿದ್ದೆ."

ಕರಿಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಪಾವನಾ ಕಾದಳು. ಎದುರಿನ ಬಸ್ಸು ಸರಿದು ಗಾಡಿಗಳು ಹೊರಟವು.

ಸೋಮವಾರ ಪಾವನಾ ಎರಡನೆಯ ಪತ್ರ ಬರೆದಳು: ಫೈಲು ಓದಿಸುವ ಮೊದಲು ಯಾರನ್ನೂ ಕೇಳಿಲ್ಲ, ಆದ್ದರಿಂದ ಪರೀಕ್ಷೆ ಅಸಿಂಧು. ಈ ಸಲ ಸಹಿ ಹಾಕಿದವರು ನಾಲ್ಕು ಜನ. ಸುಮತಿ ಹಾಕಿದಳು. ಕಂಪನಿಯವರು ಪತ್ರ ತಲಪಿದೆ ಎಂದು ಉತ್ತರಿಸಿದರು.

ಜುಲೈ ಒಂದರಿಂದ ನಾಲ್ಕು ಭಾಷೆಯಲ್ಲೂ ಯಂತ್ರ ಬರೆಯತೊಡಗಿತು. ಹನ್ನೊಂದು ಜನರಲ್ಲಿ ಮೂವರನ್ನು ತಿದ್ದುವುದಕ್ಕೆ ಇಟ್ಟುಕೊಂಡರು. ಪಾವನಾ ಆ ಮೂವರಲ್ಲಿ ಇರಲಿಲ್ಲ.